ಪೆಟ್ಟು ಬಿದ್ದ ಮೇಲೆ ಪಿತ್ತ ಎಲ್ಲಿಗೆ ಹೋಗುತ್ತಿದೆ?

ಕಳೆದ ತಿಂಗಳು ಪಿತ್ತಕೋಶದ ಕಲ್ಲುಗಳ ಬಗ್ಗೆ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಕೆಲವು ಕಲ್ಲಿನ ಮಾತನ್ನೇ ಎತ್ತದೆ ಹೊಟ್ಟೆಗೆ ಬಿದ್ದ ಪೆಟ್ಟಿನ ಬಗ್ಗೆ ಕೇಳಿದ್ದವು. ಮರದಿಂದ ಬಿದ್ದವರು, ಹೋರಿ ತಿವಿದವರು, ಸೈಕಲ್ಲಿನ ಹ್ಯಾಂಡಲ್ ಹೊಟ್ಟೆಗೆ ನಾಟಿದ ಮಗು. ಅಪಘಾತದಲ್ಲಿ ಪಿತ್ತಕೋಶಕ್ಕೋ ಪಿತ್ತನಾಳಕ್ಕೋ ಗಾಯವಾಗುವುದು ಅಪರೂಪ. ಅಪರೂಪವಾದ್ದರಿಂದಲೇ ಅದು ನುರಿತವರ ಕಣ್ಣಿಗೂ ತಪ್ಪಿಹೋಗುತ್ತದೆ. ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮನೆಯವರು ಅಡಿಕೆ ಕೊನೆ ತೆಗೆಯುವಾಗ ಮರದಿಂದ ಜಾರಿ ಬಿದ್ದರು. ಬಲ ಪಕ್ಕೆ ಬಸಿಗಾಲುವೆಯ ಕಲ್ಲಿಗೆ ಬಡಿಯಿತು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಲಿವರ್ ಸ್ವಲ್ಪ ಸೀಳಿದೆ, ತಾನಾಗಿಯೇ ಕೂಡಿಕೊಳ್ಳುತ್ತದೆ ಎಂದು ಐದನೇ ದಿನ ಮನೆಗೆ ಕಳುಹಿಸಿದರು. ಇಂದಿಗೆ ಹದಿಮೂರು ದಿನ. ಕಣ್ಣು ಹಳದಿಯಾಗಿದೆ, ಹೊಟ್ಟೆ ಉಬ್ಬುತ್ತಿದೆ, ಊಟ ಸೇರುತ್ತಿಲ್ಲ. ಹಿರಿಯರು ಕಾಮಾಲೆ ಎಂದು ನೆಲನೆಲ್ಲಿ ಕಷಾಯ ಕೊಡಿಸುತ್ತಿದ್ದಾರೆ. ಬಿದ್ದದ್ದಕ್ಕೂ ಕಾಮಾಲೆಗೂ ಸಂಬಂಧವಿದೆಯೇ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಇದೆ ತಾಯಿ. ಇದು ಸಂಚಿಕೆ ಅಚ್ಚಾಗುವವರೆಗೆ ಕಾಯುವ ಪತ್ರವಾಗಿರಲಿಲ್ಲ. ಸಂಪಾದಕರು ಅಂದು ಸಂಜೆಯೇ ಫೋನಿನಲ್ಲಿ ಓದಿ ಹೇಳಿದರು. ಮರುದಿನ ಬೆಳಿಗ್ಗೆ ನಿಮ್ಮ ಯಜಮಾನರು ನಮ್ಮ ವಾರ್ಡಿನಲ್ಲಿದ್ದರು. ನಿಮ್ಮಿಬ್ಬರ ಒಪ್ಪಿಗೆ ಪಡೆದು, ಬೇರೆಯವರಿಗೂ ಉಪಯೋಗವಾಗಲಿ ಎಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಲಿವರ್ ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸ ತಯಾರಿಸುತ್ತದೆ. ಬೇರುಗಳು ಕೂಡಿ ಬುಡವಾಗುವಂತೆ ಸಣ್ಣ ಸಣ್ಣ ನಾಳಗಳು ಲಿವರಿನೊಳಗೆ ಒಂದಕ್ಕೊಂದು ಸೇರುತ್ತಾ ಬಂದು, ಕೊನೆಗೆ 4ರಿಂದ 6 ಮಿಲಿಮೀಟರ್ ಅಗಲದ ಒಂದೇ ನಾಳವಾಗಿ ಕರುಳಿಗೆ ಇಳಿಯುತ್ತವೆ. ದಾರಿಯ ಪಕ್ಕದಲ್ಲಿ 30ರಿಂದ 50 ಮಿಲಿಲೀಟರ್ ಹಿಡಿಯುವ ಚೀಲವೊಂದು ತೂಗಿಕೊಂಡಿದೆ. ಅದು ಪಿತ್ತಕೋಶ. ಲಿವರ್ ಸೀಳಿದಾಗ ರಕ್ತನಾಳದ ಜೊತೆ ಪಿತ್ತನಾಳವೂ ಹರಿಯಬಹುದು. ಹರಿದ ರಕ್ತನಾಳದ ಬಾಯಲ್ಲಿ ರಕ್ತ ಹೆಪ್ಪುಗಟ್ಟಿ ಸ್ರಾವ ನಿಲ್ಲುತ್ತದೆ. ಪಿತ್ತ ಹೆಪ್ಪುಗಟ್ಟುವುದಿಲ್ಲ. ಹರಿದ ಜಾಗದಿಂದ ಅದು ಹಗಲು ರಾತ್ರಿ ಸೋರುತ್ತಲೇ ಇರುತ್ತದೆ.

ಮೋಸ ಹೋಗುವುದು ಇಲ್ಲಿಯೇ. ಸೋಂಕು ತಗಲದ ಪಿತ್ತ ಹೊಟ್ಟೆಯೊಳಗೆ ಹರಡಿದರೂ ಮೊದಲ ಕೆಲವು ದಿನ ಹೆಚ್ಚು ನೋವು ಕೊಡದೆ ಇರಬಹುದು. ರೋಗಿ ಎದ್ದು ಓಡಾಡುತ್ತಾನೆ, ಗಂಜಿ ಕುಡಿಯುತ್ತಾನೆ, ಮನೆಗೆ ಹೋಗುತ್ತೇನೆ ಎನ್ನುತ್ತಾನೆ. ಆಮೇಲೆ ಹೊಟ್ಟೆಯ ಒಳಪದರ ಆ ಪಿತ್ತವನ್ನು ಹೀರಿ ರಕ್ತಕ್ಕೆ ಸೇರಿಸುತ್ತದೆ. ಕಣ್ಣು ಹಳದಿಯಾಗುತ್ತದೆ, ಮೂತ್ರ ಗಾಢವಾಗುತ್ತದೆ. ಜ್ವರ, ಚಳಿ ಬಂದರೆ ಸೋಂಕು ಸೇರಿತೆಂದು ಅರ್ಥ. ಆಗ ಜೀವಕ್ಕೇ ಅಪಾಯ.

ನೆಲನೆಲ್ಲಿಯ ಮೇಲೆ ನನಗೆ ಯಾವ ಮುನಿಸೂ ಇಲ್ಲ. ನಾನೂ ಮಲೆನಾಡಿನವಳೇ, ನಮ್ಮ ಮನೆಯ ಹಿತ್ತಲಲ್ಲೂ ಅದು ಬೆಳೆಯುತ್ತದೆ. ಆದರೆ ಹರಿದ ನಾಳವನ್ನು ಕಷಾಯ ಕೂಡಿಸಲಾರದು. ಹೊಟ್ಟೆಗೆ ಪೆಟ್ಟು ಬಿದ್ದು ತಿಂಗಳೊಳಗೆ ಕಣ್ಣು ಹಳದಿಯಾದರೆ, ಬೇರೆಯದೇ ಕಾರಣವೆಂದು ಸಾಬೀತಾಗುವವರೆಗೆ ಅದನ್ನು ಪೆಟ್ಟಿನ ಕಾಮಾಲೆ ಎಂದೇ ತಿಳಿಯಬೇಕು. ಕೈಗೆ ಚುಟಿಗೆ ಹಾಕಿಸುವವರಿಗೂ ಇದನ್ನೇ ಕೈಮುಗಿದು ಹೇಳುತ್ತೇನೆ.

ನಿಮ್ಮ ಯಜಮಾನರ ಹೊಟ್ಟೆಯಿಂದ ಸೂಜಿಯಲ್ಲಿ ಸ್ವಲ್ಪ ದ್ರವ ತೆಗೆದೆವು. ಸಿರಿಂಜನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಹಸಿರು ಬೆರೆತ ಚಿನ್ನದ ಬಣ್ಣ, ಬೆರಳಿಗೆ ಹತ್ತಿದರೆ ಜಿಗುಟು. ಬಣ್ಣ ನೋಡಿದರೆ ಸಾಲದು. ಪಿತ್ತಕ್ಕೆ ಹಳದಿ ಬಣ್ಣ ಕೊಡುವ ಬಿಲಿರುಬಿನ್ ಆ ದ್ರವದಲ್ಲಿ ಎಷ್ಟಿದೆ, ರಕ್ತದಲ್ಲಿ ಎಷ್ಟಿದೆ ಎಂದು ಎರಡನ್ನೂ ಒಟ್ಟಿಗೆ ಅಳೆಯಬೇಕು. ರಕ್ತದಲ್ಲಿ 4.8 ಇತ್ತು, ದ್ರವದಲ್ಲಿ 41. ರಕ್ತದಲ್ಲಿರುವುದಕ್ಕಿಂತ ಮೂರು ಪಟ್ಟು ಮೀರಿದರೆ ಪಿತ್ತ ಸೋರುತ್ತಿದೆ ಎಂದೇ ಲೆಕ್ಕ. ಮೊದಲ ದಿನದ ತುರ್ತು ಸ್ಕ್ಯಾನಿನಲ್ಲಿ ಹೊಟ್ಟೆಯೊಳಗೆ ದ್ರವವಿದೆ ಎಂಬುದು ಗೊತ್ತಾಗುತ್ತದೆ; ಅದು ರಕ್ತವೋ ಪಿತ್ತವೋ ಎಂದು ಆ ಯಂತ್ರ ಹೇಳುವುದಿಲ್ಲ. ಆದ್ದರಿಂದ ಮೊದಲು ನೋಡಿದ ವೈದ್ಯರನ್ನು ದೂರಬೇಡಿ. ಆದರೆ ಮನೆಗೆ ಕಳುಹಿಸುವಾಗ ‘ಹತ್ತು ದಿನ ಬಿಟ್ಟು ತಪ್ಪದೆ ಬನ್ನಿ, ಕಣ್ಣು ಹಳದಿಯಾದರೆ ಅದಕ್ಕೂ ಮೊದಲೇ ಬನ್ನಿ’ ಎಂಬ ಒಂದು ಸಾಲನ್ನು ಚೀಟಿಯಲ್ಲಿ ಬರೆಯಬೇಕಿತ್ತು. ಅದು ಬರೆದಿರಲಿಲ್ಲ.

ಸ್ಕ್ಯಾನ್ ನೋಡಿಕೊಂಡು ಪಕ್ಕೆಯಿಂದ ಡ್ರೇನ್ ಎಂಬ ಸಣ್ಣ ಕೊಳವೆ ಹಾಕಿ ಪಿತ್ತವನ್ನು ಹೊರಗೆ ಬಿಟ್ಟೆವು. ಮೊದಲ ದಿನವೇ ಸುಮಾರು ಎರಡು ಲೀಟರ್ ಬಂತು. ಎಂಆರ್‌ಸಿಪಿಯಲ್ಲಿ, ಅಂದರೆ ಎಂಆರ್‌ಐ ಯಂತ್ರದಲ್ಲಿ ತೆಗೆಯುವ ಪಿತ್ತನಾಳಗಳ ಚಿತ್ರದಲ್ಲಿ, ದೊಡ್ಡ ನಾಳಗಳು ಸರಿಯಾಗಿದ್ದವು. ಬಲಭಾಗದ ಒಂದು ಕವಲಿನ ಹತ್ತಿರ ದ್ರವ ನಿಂತಿತ್ತು. ಎಂಆರ್‌ಸಿಪಿ ದಾರಿಯ ನಕ್ಷೆ ತೋರಿಸುತ್ತದೆ, ಮುಟ್ಟಿ ಸರಿಪಡಿಸುವುದಿಲ್ಲ. ಅದಕ್ಕೆ ಇಆರ್‌ಸಿಪಿ ಬೇಕು. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಪಿತ್ತನಾಳ ಕರುಳಿಗೆ ತೆರೆಯುವ ಬಾಯಿಯಲ್ಲಿ ಬಣ್ಣದ್ರವ ಬಿಟ್ಟು ಎಕ್ಸ್‌ರೇ ತೆಗೆದಾಗ ಆ ಕವಲಿನಿಂದ ದ್ರವ ಹೊಗೆಯಂತೆ ಹೊರಗೆ ಹರಡುವುದು ಕಂಡಿತು. ಆ ಬಾಯನ್ನು ಕೊಂಚ ಅಗಲಿಸಿ ಸ್ಟೆಂಟ್ ಎಂಬ ಪುಟ್ಟ ಪ್ಲಾಸ್ಟಿಕ್ ಕೊಳವೆ ಇಟ್ಟೆವು.

ಕರುಳಿನ ಹತ್ತಿರ ಸ್ಟೆಂಟ್ ಇಟ್ಟರೆ ಮೇಲೆ ಲಿವರಿನಲ್ಲಿ ಹರಿದದ್ದು ಹೇಗೆ ಕೂಡಿಕೊಳ್ಳುತ್ತದೆ ಎಂದು ನೀವು ಕೇಳಿದಿರಿ. ಕೆರೆಯ ಏರಿಯಲ್ಲಿ ಬಿರುಕು ಬಿಟ್ಟು ನೀರು ಜಿನುಗುತ್ತಿದ್ದರೆ ಊರವರು ಮೊದಲು ತೂಬು ಎತ್ತುತ್ತಾರೆ. ನೀರಿನ ಒತ್ತಡ ಇಳಿದರೆ ಬಿರುಕಿಗೆ ಮಣ್ಣು ನಿಲ್ಲುತ್ತದೆ. ಪಿತ್ತನಾಳದ ತುದಿಯಲ್ಲಿಯೂ ಸದಾ ಬಿಗಿಹಿಡಿದ ಒಂದು ಸ್ನಾಯುವಿನ ಬಾಗಿಲಿದೆ. ಸ್ಟೆಂಟ್ ಅದನ್ನು ತೆರೆದಿಡುತ್ತದೆ. ಪಿತ್ತ ಸುಲಭದ ದಾರಿ ಹಿಡಿದು ಕರುಳಿಗೆ ಹೋಗುತ್ತದೆ. ಹರಿದ ಕವಲು ಒಣಗಿ ಕೂಡಿಕೊಳ್ಳುತ್ತದೆ. ಡ್ರೇನ್ ಚೀಲದ ಲೆಕ್ಕವನ್ನು ನೀವೇ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಿರಿ: 550, 400, 180, 60 ಮಿಲಿಲೀಟರ್, ಹನ್ನೊಂದನೇ ದಿನ ಏನೂ ಇಲ್ಲ. ಹೊಟ್ಟೆ ಕೊಯ್ಯದೆ ಗುಣವಾದ ಪ್ರಕರಣ ಇದು. ಆ ಸ್ಟೆಂಟನ್ನು ಆರು ವಾರಕ್ಕೆ ತೆಗೆಸಲೇಬೇಕು. ಆರಾಮವಾಗಿದ್ದೇನೆ ಎಂದು ಮರೆತರೆ ಅದು ಕಟ್ಟಿಕೊಂಡು, ಚಳಿಜ್ವರದೊಂದಿಗೆ ನಿಜವಾದ ಕಾಮಾಲೆ ತರುತ್ತದೆ.

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗ ಸೈಕಲ್ಲಿನಿಂದ ಬಿದ್ದಾಗ ಹ್ಯಾಂಡಲ್ಲಿನ ತುದಿ ಹೊಟ್ಟೆಗೆ ಒತ್ತಿತು. ಚರ್ಮದ ಮೇಲೆ ನಾಣ್ಯದಷ್ಟು ಅಗಲದ ಗುರುತು ಬಿಟ್ಟರೆ ಬೇರೇನೂ ಇಲ್ಲ. ಡಾಕ್ಟರು ಸ್ಕ್ಯಾನ್ ಸರಿಯಾಗಿದೆ ಎಂದರು. ಆದರೂ ಭಯವಾಗುತ್ತಿದೆ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಭಯ ಅತಿಯಾದದ್ದಲ್ಲ. ಆ ನಾಣ್ಯದಷ್ಟು ಗುರುತನ್ನು ನಾವು ಬಹಳ ಗೌರವದಿಂದ ನೋಡುತ್ತೇವೆ. ಮಕ್ಕಳ ಹೊಟ್ಟೆಯ ಗೋಡೆ ತೆಳು. ಹ್ಯಾಂಡಲ್ಲಿನ ತುದಿ ಒಳಗಿನ ಅಂಗಗಳನ್ನು ಬೆನ್ನುಮೂಳೆಗೆ ಅದುಮುತ್ತದೆ. ಸಿಕ್ಕಿಬೀಳುವುದು ಸಾಮಾನ್ಯವಾಗಿ ಡ್ಯುಯೊಡಿನಮ್ ಎಂಬ ಕರುಳಿನ ಮೊದಲ ಭಾಗ, ಮೇದೋಜೀರಕ ಗ್ರಂಥಿ, ಅಪರೂಪಕ್ಕೆ ಪಿತ್ತನಾಳ. ಪಿತ್ತನಾಳ ಮೇಲೆ ಸಡಿಲವಾಗಿ ಅಲುಗಾಡುತ್ತಿರುತ್ತದೆ. ಮೇದೋಜೀರಕವನ್ನು ಹೊಗುವಲ್ಲಿ ಗಟ್ಟಿಯಾಗಿ ನಾಟಿಕೊಂಡಿರುತ್ತದೆ. ಎಳೆತ ಬಿದ್ದಾಗ ಅದು ಕಿತ್ತುಬರುವುದು ಆ ಸಂದಿಯಲ್ಲಿಯೇ.

ಮಗ ಉಂಡು ಆಡಿಕೊಂಡಿದ್ದರೆ ಈಗ ಮತ್ತೆ ಮತ್ತೆ ಸ್ಕ್ಯಾನ್ ಬೇಡ. ಎರಡು ವಾರ ಅವನ ಮೇಲೆ ಕಣ್ಣಿಡಿ. ಹಸಿರು ವಾಂತಿ, ಹೊಟ್ಟೆ ಉಬ್ಬರ, ಊಟ ಬೇಡವೆನ್ನುವುದು, ಕಣ್ಣು ಹಳದಿ, ಜ್ವರ. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ನಮ್ಮಲ್ಲಿ ಮಗು ಹಳದಿ ಹಸಿರು ಕಕ್ಕಿದರೆ ‘ಪಿತ್ತ ಕೆದರಿದೆ’ ಎಂದು ಜೀರಿಗೆ ನೀರು ಕುಡಿಸುವ ವಾಡಿಕೆಯಿದೆ. ಈ ಎರಡು ವಾರ ಹಾಗೆ ಮಾಡಬೇಡಿ. ಮಲದ ಬಣ್ಣವನ್ನೂ ಗಮನಿಸಿ. ಅದು ಸುಣ್ಣದಂತೆ ಬಿಳಿಚಿದರೆ ಪಿತ್ತ ಕರುಳಿಗೆ ಇಳಿಯುತ್ತಿಲ್ಲ ಎಂದು ಅರ್ಥ.

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಸರ್ಜನ್. ದೀಪಾವಳಿಯ ಹೊತ್ತಿನಲ್ಲಿ ಹೋರಿ ತಿವಿದ ಯುವಕನನ್ನು ರಾತ್ರಿ ಕರೆತಂದರು. ಹೊಟ್ಟೆ ತೆರೆದು ರಕ್ತ ನಿಲ್ಲಿಸಿದ ಮೇಲೆ ಡ್ಯುಯೊಡಿನಮ್ ಬಳಿ ಹಸಿರು ಕಲೆ ಕಂಡಿತು. ನೋಡಿದರೆ ಪಿತ್ತನಾಳ ಪೂರ್ತಿ ತುಂಡಾಗಿತ್ತು. ನಾನು ಜೋಡಿಸಲು ಹೋಗದೆ, ಮೇಲಿನ ತುದಿಗೆ ಕೊಳವೆ ಕಟ್ಟಿ, ಪಕ್ಕದಲ್ಲಿ ಡ್ರೇನ್ ಇಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಅವನ ಕಡೆಯವರು ‘ಅರ್ಧಕ್ಕೇ ಬಿಟ್ಟು ಕೈ ತೊಳೆದುಕೊಂಡರು’ ಎಂದು ಜಗಳಕ್ಕೆ ಬಂದರು. ನಾನು ಮಾಡಿದ್ದು ತಪ್ಪೇ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ನೀವು ಮಾಡಿದ್ದು ಸರಿ. ಈ ಮಾತನ್ನು ಆ ಯುವಕನ ಮನೆಯವರೂ ಓದಲಿ ಎಂದು ಆಶಿಸುತ್ತೇನೆ.

ಲಿವರಿನ ಕೆಳಗೆ ಒಂದೇ ಮಡಿಕೆಯೊಳಗೆ ಮೂರು ಕೊಳವೆಗಳು ಒಟ್ಟಿಗೆ ಹೋಗುತ್ತವೆ: ಪಿತ್ತನಾಳ, ಲಿವರಿನ ಅಪಧಮನಿ, ಮತ್ತು ಕರುಳಿನ ರಕ್ತವನ್ನೆಲ್ಲ ಹೊತ್ತು ತರುವ ಪೋರ್ಟಲ್ ರಕ್ತನಾಳ. ಕೊಂಬೋ ಚಾಕುವೋ ಅಲ್ಲಿಗೆ ತಲುಪಿದರೆ ಪಿತ್ತನಾಳವೊಂದಕ್ಕೇ ಗಾಯವಾಗುವುದು ವಿರಳ. ಅಲ್ಲಿ ಜೀವ ತೆಗೆಯುವುದು ರಕ್ತ. ಆ ಮಡಿಕೆಯನ್ನು ಬೆರಳುಗಳ ನಡುವೆ ಹಿಡಿದು ಅದುಮಿ ರಕ್ತ ನಿಲ್ಲಿಸುವ ಉಪಾಯವನ್ನು ಗ್ಲಾಸ್ಗೋದ ಸರ್ಜನ್ ಜೇಮ್ಸ್ ಹೋಗಾರ್ತ್ ಪ್ರಿಂಗಲ್ 1908ರಲ್ಲಿ ಬರೆದರು. ಇಂದಿಗೂ ನಾವು ಮೊದಲು ಮಾಡುವುದು ಅದನ್ನೇ. ರಕ್ತದ ಮಡುವಿನಲ್ಲಿ ಕುರುಡಾಗಿ ಕ್ಲ್ಯಾಂಪ್ ಹಾಕಿದರೆ ಹೋರಿ ಬಿಟ್ಟ ನಾಳವನ್ನು ನಾವೇ ಜಜ್ಜಿದಂತಾಗುತ್ತದೆ. ನೀವು ಹಾಗೆ ಮಾಡಲಿಲ್ಲ. ಹಸಿರು ಕಲೆಯನ್ನು ಕಂಡೂ ಹೊಟ್ಟೆ ಮುಚ್ಚಲಿಲ್ಲ. ಡ್ಯುಯೊಡಿನಮ್ ಸುತ್ತ ಪಿತ್ತದ ಕಲೆಯಿದ್ದರೆ ಅದನ್ನು ಬಲಬದಿಯಿಂದ ಬಿಡಿಸಿ ಎತ್ತಿ ಹಿಂಬದಿಯನ್ನು ನೋಡಲೇಬೇಕು. ಆಗಲೂ ಜಾಗ ಸಿಗದಿದ್ದರೆ ಪಿತ್ತಕೋಶಕ್ಕೆ ಸೂಜಿ ಚುಚ್ಚಿ ಬಣ್ಣದ್ರವ ಬಿಟ್ಟು ಮೇಜಿನ ಮೇಲೆಯೇ ಎಕ್ಸ್‌ರೇ ತೆಗೆಯಬೇಕು.

ಇನ್ನು ಜೋಡಿಸದೆ ಬಿಟ್ಟ ವಿಷಯ. ನಾಳದ ಸುತ್ತಳತೆಯಲ್ಲಿ ಅರ್ಧಕ್ಕಿಂತ ಕಡಿಮೆ ಹರಿದಿದ್ದರೆ ಸಣ್ಣ ಹೊಲಿಗೆ ಹಾಕಿ, ಪಿತ್ತವನ್ನು ಹೊರಗೆ ಬಿಡುವ ಟಿ-ಟ್ಯೂಬ್ ಎಂಬ ಕೊಳವೆ ಇಟ್ಟರೆ ಸಾಕಾಗಬಹುದು. ಪೂರ್ತಿ ತುಂಡಾದರೆ ಎರಡು ತುದಿಗಳನ್ನು ಎಳೆದು ಹೊಲಿಯುವ ಆಸೆ ಎಲ್ಲರಿಗೂ ಬರುತ್ತದೆ. ನೋಡಲು ಅಂದವಾಗಿರುತ್ತದೆ. ಆದರೆ ಈ ನಾಳಕ್ಕೆ ರಕ್ತ ಬರುವುದು ಮುಖ್ಯವಾಗಿ ಅದರ ಎರಡು ಅಂಚುಗಳಲ್ಲಿ ಹರಿಯುವ ಕೂದಲೆಳೆಯಂಥ ರಕ್ತನಾಳಗಳಿಂದ. ತುಂಡಾದಾಗ ಅವೂ ಹೋಗುತ್ತವೆ. ಎಳೆದು ಕಟ್ಟಿದ ಹೊಲಿಗೆ ತಿಂಗಳುಗಳಲ್ಲಿ ಬಿಗಿದು ನಾಳ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಮೇಲಿನ ತುದಿಯನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತೇವೆ. ಕರುಳನ್ನು ಒಂದೆಡೆ ಕತ್ತರಿಸಿ, 40ರಿಂದ 60 ಸೆಂಟಿಮೀಟರಿನಷ್ಟು ಭಾಗವನ್ನು ಮೇಲಕ್ಕೆ ತಂದು ನಾಳಕ್ಕೆ ಹೊಲಿದು, ಉಳಿದ ತುದಿಯನ್ನು ಕೆಳಗೆ ಕೂಡಿಸಿದರೆ ಕವಣೆಯ ಕವಲಿನ ಆಕಾರ ಬರುತ್ತದೆ. ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ಸೆಸಾರ್ ರೂ ಅವರ ಹೆಸರು ಈ ಜೋಡಣೆಗೆ ಅಂಟಿಕೊಂಡಿದೆ. ಉಂಡ ಅನ್ನ ಮೇಲೇರಿ ಲಿವರಿನ ಕಡೆ ನುಗ್ಗದಿರಲಿ ಎಂದೇ ಅಷ್ಟು ಉದ್ದ ಬಿಡುವುದು.

ಆ ಹೊಲಿಗೆಯನ್ನು ಹೇಗೆ ಹಾಕುತ್ತೇವೆ ಎಂದು ಓದುಗರಿಗೂ ಹೇಳುತ್ತೇನೆ. ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು, ತಲೆಗೂದಲಿನಷ್ಟು ತೆಳುವಾದ, ತಾನಾಗಿ ಕರಗುವ ದಾರದಲ್ಲಿ, ನಾಳದ ಒಳಪದರ ಕರುಳಿನ ಒಳಪದರಕ್ಕೆ ತಾಗುವಂತೆ ಒಂದೊಂದೇ ಹೊಲಿಗೆ. ಹಿಂಬದಿಯ ಹೊಲಿಗೆಗಳನ್ನೆಲ್ಲ ಮೊದಲು ಹಾಕಿ, ದಾರಗಳನ್ನು ಬಿಡಿಬಿಡಿಯಾಗಿ ಹಿಡಿದಿಟ್ಟು, ಆಮೇಲೆ ಕರುಳನ್ನು ಮೆಲ್ಲಗೆ ಇಳಿಸಿ ಗಂಟು ಬಿಗಿಯುತ್ತೇವೆ. ಬಾಡದ ನಾಳ ಬೇಕು, ಊತವಿಲ್ಲದ ಕರುಳು ಬೇಕು, ಹೊಲಿಗೆಯ ಮೇಲೆ ಎಳೆತ ಇರಬಾರದು. ರಾತ್ರಿ ಎರಡು ಗಂಟೆಗೆ, ನಾಲ್ಕು ಬಾಟಲಿ ರಕ್ತ ಹೋಗಿ ಮೈ ತಣ್ಣಗಾದ ಹುಡುಗನಲ್ಲಿ ಈ ಮೂರೂ ಸಿಗುವುದಿಲ್ಲ. ರಕ್ತ ನಿಲ್ಲಿಸಿ, ಪಿತ್ತಕ್ಕೆ ಹೊರದಾರಿ ಮಾಡಿ, ಬೆಚ್ಚಗೆ ಹೊದಿಸಿ ಕಳುಹಿಸಿದ್ದು ಅರ್ಧ ಕೆಲಸವೆನ್ನುವವರಿಗೆ ನಾನು ಹೇಳುವುದಿಷ್ಟು: ಈ ನಾಳದ ಮಟ್ಟಿಗೆ ಮೊದಲ ಜೋಡಣೆಯೇ ಅತ್ಯುತ್ತಮ ಅವಕಾಶ. ಅದು ಕೆಟ್ಟರೆ ಎರಡನೆಯದಕ್ಕೆ ನಾಳ ಇನ್ನಷ್ಟು ಗಿಡ್ಡವಾಗಿ, ಗಾಯದ ಕಲೆಯೊಳಗೆ ಹೂತುಹೋಗಿರುತ್ತದೆ. ನೀವು ಆ ಅವಕಾಶವನ್ನು ಹಾಳುಮಾಡದೆ ಉಳಿಸಿ ಕೊಟ್ಟಿದ್ದೀರಿ.

ಒಂದು ಸಲಹೆ. ಮುಂದೆ ಕಳುಹಿಸುವಾಗ ಚೀಟಿಯಲ್ಲಿ ನೀವು ಕಂಡದ್ದನ್ನು ಪೆನ್ನಿನಲ್ಲಿ ಚಿತ್ರ ಬರೆದು ಕಳುಹಿಸಿ. ನಾಳ ಎಲ್ಲಿ ತುಂಡಾಗಿದೆ, ಯಾವ ಕೊಳವೆ ಎಲ್ಲಿಗೆ ಹೋಗಿದೆ. ಅಂಥ ಒಂದು ಚಿತ್ರ ನನಗೆ ಎಷ್ಟೋ ಸಲ ಒಂದು ಗಂಟೆಯ ಹುಡುಕಾಟ ಉಳಿಸಿದೆ.

ಪ್ರಶ್ನೆ: ನನ್ನ ತಮ್ಮ ಕುಡಿದು ಬೈಕಿನಿಂದ ಬಿದ್ದು ಪಿತ್ತಕೋಶ ಒಡೆಯಿತು, ತೆಗೆದುಹಾಕಿದರು. ಹೊಲಿದು ಉಳಿಸಬಹುದಿತ್ತಲ್ಲವೇ? ಇನ್ನು ಅವನ ಊಟ, ಜೀರ್ಣ ಹೇಗೆ?
– ಓದುಗರು, ಶಿವಮೊಗ್ಗ

ಉತ್ತರ: ಒಡೆದ ಪಿತ್ತಕೋಶವನ್ನು ತೆಗೆಯುವುದೇ ಸರಿಯಾದ ಚಿಕಿತ್ಸೆ. ಹೊಲಿದಿಟ್ಟರೆ ಸೋರುವ ಭಯ, ಮುಂದೆ ಕಲ್ಲು ಕಟ್ಟುವ ಭಯ. ಲಿವರಿಗೆ ಅಂಟಿಕೊಂಡ ಜಾಗದಿಂದ ಅದು ಕಿತ್ತುಬಂದಿದ್ದರಂತೂ ಬೇರೆ ದಾರಿಯೇ ಇಲ್ಲ. 1882ರ ಜುಲೈ 15ರಂದು ಬರ್ಲಿನ್ನಿನಲ್ಲಿ ಕಾರ್ಲ್ ಲಾಂಗೆನ್‌ಬುಖ್ ಮೊದಲ ಬಾರಿಗೆ ಮನುಷ್ಯನ ಪಿತ್ತಕೋಶವನ್ನು ತೆಗೆದರು. ಪಿತ್ತಕೋಶವೇ ಇಲ್ಲದೆ ಹುಟ್ಟಿ ಬದುಕುವ ಪ್ರಾಣಿಗಳೂ ಇವೆ. ನಿಮ್ಮ ಊರಿನ ಪಕ್ಕದ ಸಕ್ರೆಬೈಲಿಗೆ ಹೋದರೆ ತಮ್ಮನಿಗೆ ಆನೆಗಳನ್ನು ತೋರಿಸಿ: ಆನೆಗೆ ಪಿತ್ತಕೋಶವಿಲ್ಲ. ಕುದುರೆಗೂ ಇಲ್ಲ. ಪಿತ್ತ ತಯಾರಾಗುವುದು ಲಿವರಿನಲ್ಲಿ, ಆ ಚೀಲ ಬರಿಯ ಉಗ್ರಾಣ. ಮೊದಲ ಕೆಲವು ವಾರ ಕರಿದದ್ದು, ಜಿಡ್ಡು ಕಡಿಮೆ ಮಾಡಿದರೆ ಸಾಕು. ಕೆಲವರಿಗೆ ಮಲ ಸಡಿಲವಾಗುತ್ತದೆ, ಬರಬರುತ್ತಾ ಹೊಂದಿಕೊಳ್ಳುತ್ತದೆ.

ಕುಡಿತದ ಮಾತು ನೀವೇ ಬರೆದಿದ್ದರಿಂದ ಹೇಳುತ್ತೇನೆ. ಹೊಟ್ಟೆ ಖಾಲಿಯಿದ್ದಾಗ ಪಿತ್ತಕೋಶ ತುಂಬಿ ಬಿಗಿದಿರುತ್ತದೆ. ಮದ್ಯ ಪಿತ್ತನಾಳದ ತುದಿಯ ಬಾಗಿಲನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ನೀರು ತುಂಬಿದ ಬಲೂನು ಖಾಲಿ ಬಲೂನಿಗಿಂತ ಬೇಗ ಒಡೆಯುತ್ತದಲ್ಲವೇ? ಅಮಲಿನಲ್ಲಿ ನೋವೂ ತಿಳಿಯುವುದಿಲ್ಲ, ನೋಡುವ ವೈದ್ಯರಿಗೆ ಹೊಟ್ಟೆ ಮುಟ್ಟಿದಾಗ ಸಿಗಬೇಕಾದ ಸೂಚನೆಯೂ ಸಿಗುವುದಿಲ್ಲ. ತಮ್ಮ ಉಳಿದದ್ದು ಯಾರೋ ಎಚ್ಚರದಿಂದ ಸಿ.ಟಿ. ಮಾಡಿಸಿ, ಪಿತ್ತಕೋಶ ಕುಗ್ಗಿ ಅದರ ಸುತ್ತ ದ್ರವ ನಿಂತದ್ದನ್ನು ಗುರುತಿಸಿದ್ದರಿಂದ. ಬೈಕಿನ ಕೀಲಿ ನಿಮ್ಮ ಬಳಿ ಇರಲಿ.

ಪ್ರಶ್ನೆ: ನನ್ನ ಹೆಂಡತಿಗೆ ಅಪಘಾತವೇನೂ ಆಗಿಲ್ಲ. ಕಲ್ಲಿಗೆಂದು ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆಸಿದೆವು. ನಾಲ್ಕನೇ ದಿನ ಡ್ರೇನಿನಲ್ಲಿ ಪಿತ್ತ ಬಂತು. ನಾಳ ಕತ್ತರಿಸಿಹೋಗಿದೆಯಂತೆ. ಈಗ ‘ಆರು ವಾರ ಕಾಯಿರಿ’ ಎನ್ನುತ್ತಿದ್ದಾರೆ. ಕೂಡಲೇ ಸರಿಪಡಿಸದೆ ಏಕೆ ಕಾಯಿಸುತ್ತಾರೆ?
– ಓದುಗರು, ಬೆಳಗಾವಿ

ಉತ್ತರ: ನಿಮಗೆ ಆಗುತ್ತಿರುವ ಸಂಕಟ ಅರ್ಥವಾಗುತ್ತದೆ. ಒಂದು ದಿನದಲ್ಲಿ ಮನೆಗೆ ಬರುತ್ತೇವೆ ಎಂದು ಹೋದವರು ಪಿತ್ತದ ಚೀಲ ಹಿಡಿದು ಮನೆಗೆ ಬರುವುದು ಸಣ್ಣ ಮಾತಲ್ಲ. ಕೊಂಬಿನಿಂದಾಗಲಿ ಕತ್ತರಿಯಿಂದಾಗಲಿ, ಗಾಯವಾದ ನಾಳಕ್ಕೆ ನಿಯಮ ಒಂದೇ. ಊತ, ಸೋಂಕು ಇರುವ ಹೊಟ್ಟೆಯಲ್ಲಿ ಹೊಲಿದರೆ ಹೊಲಿಗೆ ನಿಲ್ಲುವುದಿಲ್ಲ. ಗಾಯವಾದದ್ದು ಅದೇ ಮೇಜಿನ ಮೇಲೆ ತಿಳಿದು, ಅನುಭವಿ ಕೈ ಅಲ್ಲೇ ಸಿಕ್ಕಿದ್ದರೆ ಆಗಲೇ ಸರಿಪಡಿಸಬಹುದಿತ್ತು. ಈಗ ಪಿತ್ತವನ್ನು ಹೊರಗೆ ಹರಿಯಬಿಟ್ಟು, ಜ್ವರ ಇಳಿಸಿ, ಚೆನ್ನಾಗಿ ಉಣ್ಣಿಸಿ, ಎಂಆರ್‌ಸಿಪಿಯಲ್ಲಿ ಯಾವ ಕವಲು ಎಲ್ಲಿ ನಿಂತಿದೆ ಎಂಬ ಪೂರ್ತಿ ನಕ್ಷೆ ತೆಗೆದು, ಆಮೇಲೆ ಕರುಳಿಗೆ ಜೋಡಿಸುವುದೇ ಕ್ಷೇಮ. ಕಾಯುವ ಆರು ವಾರವೂ ಚಿಕಿತ್ಸೆಯ ಭಾಗವೇ.

ಈ ನಡುವೆ ನೀವು ಮಾಡಬೇಕಾದದ್ದಿದೆ. ಶಸ್ತ್ರಚಿಕಿತ್ಸೆಯ ಟಿಪ್ಪಣಿಯ ಪ್ರತಿ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ವಿಡಿಯೊ ಇದ್ದರೆ ಅದನ್ನೂ ಕೇಳಿ. ಪಿತ್ತನಾಳದ ಮರುಜೋಡಣೆಯನ್ನು ನಿಯಮಿತವಾಗಿ ಮಾಡುವ ತಂಡ ಎಲ್ಲಿದೆ ಎಂದು ವಿಚಾರಿಸಿ. ‘ನೀವು ಇಂಥದ್ದನ್ನು ಎಷ್ಟು ಮಾಡಿದ್ದೀರಿ?’ ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ಸರ್ಜನ್ ಆ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಪಿತ್ತ ಹೊರಗೆ ಹೋಗುತ್ತಿದ್ದರೆ ವಿಟಮಿನ್ ‘ಕೆ’ ಹೀರಿಕೆಯಾಗದೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲು ಅದರ ಪರೀಕ್ಷೆ, ಇಂಜೆಕ್ಷನ್ ಆಗಿದೆಯೇ ಎಂದು ಕೇಳಿ. ಜೋಡಣೆ ಚೆನ್ನಾಗಿ ಆದ ಮೇಲೂ ವರ್ಷಗಳ ನಂತರ ಆ ಜಾಗ ಕಿರಿದಾಗಬಹುದು. ಹಾಗಾಗಿ ವರ್ಷಕ್ಕೊಮ್ಮೆ ಲಿವರ್ ರಕ್ತಪರೀಕ್ಷೆಯನ್ನು ಜೀವನಪೂರ್ತಿ ಮಾಡಿಸಬೇಕು. ಚಳಿಜ್ವರ, ತುರಿಕೆ ಬಂದರೆ ವರ್ಷ ತುಂಬುವವರೆಗೆ ಕಾಯಬಾರದು.

ಪ್ರಶ್ನೆ: ಪಕ್ಕೆಗೆ ಚಾಕು ಇರಿತವಾಗಿ ಗುಣವಾಗಿದ್ದ ನನ್ನ ಗೆಳೆಯ ಮೂರು ವಾರದ ಮೇಲೆ ರಕ್ತ ವಾಂತಿ ಮಾಡಿದ. ಅಲ್ಸರ್ ಎಂದು ಮಾತ್ರೆ ಕೊಟ್ಟಿದ್ದಾರೆ. ಬಲಗಡೆ ಹೊಟ್ಟೆ ಬಿಟ್ಟು ಬಿಟ್ಟು ನೋಯುತ್ತದೆ.
– ಓದುಗರು, ಕಲಬುರಗಿ

ಉತ್ತರ: ಅವರನ್ನು ಇಂದೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಲಿವರಿನೊಳಗೆ ಗಾಯಗೊಂಡ ಅಪಧಮನಿ ಉಬ್ಬಿ, ಪಕ್ಕದ ಪಿತ್ತನಾಳದೊಳಕ್ಕೆ ಒಡೆದಿರಬಹುದು. ಆಗ ರಕ್ತ ಪಿತ್ತದ ದಾರಿಯಲ್ಲಿ ಕರುಳಿಗೆ ಇಳಿಯುತ್ತದೆ. ರಕ್ತಸ್ರಾವ, ಬಲಪಕ್ಕೆಯ ನೋವು, ಕಾಮಾಲೆ – ಈ ಮೂರರ ಜೋಡಿಯನ್ನು ಜರ್ಮನಿಯ ಕ್ವಿಂಕೆ 1871ರಲ್ಲಿಯೇ ವಿವರಿಸಿದ್ದರು. ಇದಕ್ಕೆ ಹೀಮೋಬಿಲಿಯಾ ಎಂಬ ಹೆಸರನ್ನು ಸ್ವೀಡನ್ನಿನ ಸ್ಯಾಂಡ್‌ಬ್ಲೂಮ್ 1948ರಲ್ಲಿ ಕೊಟ್ಟರು. ಮೂರೂ ಒಟ್ಟಿಗೆ ಕಾಣಲೇಬೇಕೆಂದಿಲ್ಲ. ಸಿ.ಟಿ. ಆಂಜಿಯೋಗ್ರಾಮ್ ಎಂಬ ರಕ್ತನಾಳಗಳ ಸ್ಕ್ಯಾನ್ ಮಾಡಿ, ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ ಆ ಉಬ್ಬನ್ನು ಒಳಗಿನಿಂದಲೇ ಮುಚ್ಚುತ್ತಾರೆ. ಚಾಕು ಇರಿತದ ವಿಷಯವನ್ನು ಹೊಸ ಡಾಕ್ಟರಿಗೆ ಮೊದಲೇ ಹೇಳಿ; ಮುಜುಗರವೆಂದು ಮುಚ್ಚಿಡುವವರೇ ಹೆಚ್ಚು.

ಪ್ರಶ್ನೆ: ಟ್ರ್ಯಾಕ್ಟರ್ ಮಗುಚಿ ಅಪ್ಪನ ಪಿತ್ತನಾಳ ಅರ್ಧ ಹರಿದಿತ್ತು. ಹೊಲಿದು ಟಿ-ಟ್ಯೂಬ್ ಹಾಕಿ ಮನೆಗೆ ಕಳುಹಿಸಿದ್ದಾರೆ. ನಮ್ಮ ಹಳ್ಳಿಯಿಂದ ಆಸ್ಪತ್ರೆ 60 ಕಿಲೋಮೀಟರ್. ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು?
– ಓದುಗರು, ರಾಯಚೂರು ಜಿಲ್ಲೆ

ಉತ್ತರ: ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ಈ ರಬ್ಬರ್ ಕೊಳವೆ ಜರ್ಮನಿಯ ಹಾನ್ಸ್ ಕೇರ್ ಅವರ ಕಾಣಿಕೆ. ಅದರ ಅಡ್ಡ ಭಾಗ ನಾಳದೊಳಗೆ, ಉದ್ದ ಭಾಗ ಹೊಟ್ಟೆಯ ಹೊರಗೆ ಇರುತ್ತದೆ. ಚೀಲವನ್ನು ಯಾವಾಗಲೂ ಸೊಂಟಕ್ಕಿಂತ ಕೆಳಗೆ ಇಡಿ. ಕೊಳವೆಯನ್ನು ಚರ್ಮಕ್ಕೆ ಎರಡು ಕಡೆ ಪ್ಲಾಸ್ಟರಿನಿಂದ ಅಂಟಿಸಿ, ನಡುವೆ ಸ್ವಲ್ಪ ಸಡಿಲ ಬಿಡಿ. ಪಂಚೆಯ ಗಂಟಿಗೆ ಕಟ್ಟಬೇಡಿ. ನಿದ್ದೆಯಲ್ಲಿ ಹೊರಳಿದಾಗ ಎಳೆದುಕೊಂಡು ಬಂದದ್ದನ್ನು ನೋಡಿದ್ದೇನೆ. ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ಚೀಲ ಖಾಲಿ ಮಾಡಿ, ಎಷ್ಟು ಬಂತು, ಯಾವ ಬಣ್ಣ ಎಂದು ಬರೆದಿಡಿ. ಬರಬರುತ್ತಾ ಕಡಿಮೆಯಾಗಿ, ಮಲದ ಬಣ್ಣ ಮೊದಲಿನಂತಾದರೆ ಪಿತ್ತ ತನ್ನ ದಾರಿ ಹಿಡಿದಿದೆ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಬರುತ್ತಲೇ ಇದ್ದರೆ ಉಪ್ಪು ನೀರು ಎರಡೂ ಮೈಯಿಂದ ಹೋಗುತ್ತವೆ. ನಿಮ್ಮ ಕಡೆಯ ಬಿಸಿಲಿಗೆ ಇದು ಇನ್ನೂ ಕಷ್ಟ. ಅವರಿಗೆ ಓಆರ್‌ಎಸ್, ಉಪ್ಪು ಹಾಕಿದ ಗಂಜಿ, ಮಜ್ಜಿಗೆ ಕೊಡುತ್ತಾ ಆಸ್ಪತ್ರೆಗೆ ಫೋನ್ ಮಾಡಿ.

ಇದ್ದಕ್ಕಿದ್ದಂತೆ ಚೀಲಕ್ಕೆ ಏನೂ ಬಾರದೆ ಹೊಟ್ಟೆನೋವು, ಜ್ವರ ಬಂದರೆ ಕೊಳವೆ ಕಟ್ಟಿದೆ ಅಥವಾ ಜಾರಿದೆ. ಪೂರ್ತಿ ಹೊರಬಂದರೆ ಯಾವ ಕಾರಣಕ್ಕೂ ಒಳಗೆ ತುರುಕಬೇಡಿ. ಶುಭ್ರ ಬಟ್ಟೆ ಮುಚ್ಚಿ 108ಕ್ಕೆ ಕರೆ ಮಾಡಿ, ಹೊರಬಂದ ಕೊಳವೆಯನ್ನೂ ಜೊತೆಗೆ ತನ್ನಿ. ತುಂಡು ಒಳಗೆ ಉಳಿದಿದೆಯೇ ಎಂದು ಅದನ್ನು ನೋಡಿ ಹೇಳಬಹುದು. ನಾಲ್ಕರಿಂದ ಆರು ವಾರಕ್ಕೆ ಕೊಳವೆಯೊಳಗೆ ಬಣ್ಣದ್ರವ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ಸೋರಿಕೆಯಿಲ್ಲ, ದಾರಿ ತೆರೆದಿದೆ ಎಂದು ಕಂಡ ಮೇಲೆಯೇ ಅದನ್ನು ಎಳೆದು ತೆಗೆಯುವುದು. ಮಂಚದ ಮೇಲೆಯೇ ಮಾಡುವ ಕೆಲಸ, ಅರೆನಿಮಿಷ ಸಾಕು. ಆ ರಂಧ್ರದಿಂದ ಒಂದೆರಡು ದಿನ ಹನಿ ಹನಿ ಪಿತ್ತ ಬರಬಹುದು, ಗಾಬರಿ ಬೇಡ. ಆದರೆ ತೆಗೆದ ದಿನವೇ 60 ಕಿಲೋಮೀಟರ್ ಹಿಂದಿರುಗಬೇಡಿ. ಆಸ್ಪತ್ರೆಯ ಹತ್ತಿರ ಒಂದು ರಾತ್ರಿ ಉಳಿದು, ಬೆಳಿಗ್ಗೆ ಅಪ್ಪ ತಿಂಡಿ ತಿಂದು ನೋವಿಲ್ಲ ಎಂದ ಮೇಲೆ, ಇನ್ನೊಮ್ಮೆ ಡಾಕ್ಟರಿಗೆ ಹೊಟ್ಟೆ ಮುಟ್ಟಿಸಿ ಬಸ್ಸು ಹತ್ತಿ.